ರೆಕಾರ್ಡಿಂಗಿನಲ್ಲಿ ಬೆರಳು ಕೇಳಿಸುವುದಿಲ್ಲ

ನವೆಂಬರ್ 10, ಸೋಮವಾರ

ಸಂಚಾಲಕ ಮುದ್ದಣ್ಣನವರು ಇವತ್ತು ಪ್ರಾರ್ಥನೆಗೂ ಮೊದಲೇ ಕಾಲೇಜಿಗೆ ಬಂದರು. ನನ್ನ ಮೇಜಿನ ಮುಂದೆ ನಿಂತು ಮೊಬೈಲನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ಇಂಗ್ಲಿಷಿನ ಶರೋನ್ ಮಿಸ್ ತರಗತಿಯಲ್ಲಿ ಅವರ ಬಗ್ಗೆ ಎಂತದೋ ಹೇಳಿದ್ದಾಳಂತೆ. ಅದನ್ನು ಅಕ್ಷಿತಾ ಎಂಬ ವಿದ್ಯಾರ್ಥಿನಿ ರೆಕಾರ್ಡ್ ಮಾಡಿದ್ದಾಳಂತೆ. ಯಾರೋ ಅದರ ಒಂದು ತುಂಡು ಕತ್ತರಿಸಿ ಹರಿಯಬಿಟ್ಟಿದ್ದಾರಂತೆ. ಅದು ಕಾಪುವಿನಿಂದ ಹೊರಟು, ದುಬೈಯಲ್ಲಿರುವ ಅವರ ಅಳಿಯನಿಗೆ ಮುಟ್ಟಿ, ಅಲ್ಲಿಂದ ಇವರಿಗೆ ಬಂದಿದೆಯಂತೆ.

“ನನಗೆ ಕೇಳಿಸುವುದು ಬೇಡ ಸರ್” ಎಂದೆ. ಅವರೂ ಕೇಳಿಸಲಿಲ್ಲ. ವಿಚಾರಣಾ ಸಮಿತಿಯ ಆದೇಶ ಟೈಪ್ ಮಾಡಲು ಹೇಳಿ ಹೋದರು. ಸಮಿತಿಯ ನಡಾವಳಿ ಬರೆಯುವವಳೂ ನಾನೇ.

ಶರೋನ್ ಮಿಸ್ ಮೇಲೆ ನನಗೆ ದ್ವೇಷವಿಲ್ಲ. ಆದರೆ ಸ್ವಲ್ಪ ಜಾಸ್ತಿ ಆಯಿತು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ನಾನು ಹೇಳುವುದಲ್ಲ, ಜನ ಹೇಳುವುದು. ಜೂನ್‌ನಲ್ಲಿ ಸೇರಿದವಳು, ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳುಂಟು. ಮಣಿಪಾಲದಲ್ಲಿ ಎಂ.ಎ. ಮಾಡಿ ಅಲ್ಲೇ ಒಂದು ಕೋಣೆ ಹಿಡಿದಿದ್ದಾಳೆ. ಮಾತಿನ ನಡುವೆ ಎರಡೂ ಕೈ ಮೇಲೆತ್ತಿ ಎರಡೆರಡು ಬೆರಳನ್ನು ಏಡಿಯ ಹಾಗೆ ಬಗ್ಗಿಸುತ್ತಾಳೆ. ಮೊದಲ ಸಲ ನೋಡಿದಾಗ ಕೈಸೆಳೆತ ಎಂದುಕೊಂಡು, ಇನ್ನಂಜೆಯಲ್ಲಿ ನಮ್ಮ ಮನೆಯ ಹತ್ತಿರ ಎಣ್ಣೆ ತಿಕ್ಕುವವರಿದ್ದಾರೆ ಎಂದು ಹೇಳುವುದರಲ್ಲಿದ್ದೆ.

ಮೂವತ್ತೊಂದು ವರ್ಷದಿಂದ ಈ ಕಾಲೇಜಿನ ಎಲ್ಲರ ಫೈಲು ಕಟ್ಟಿದವಳು ನಾನು. ನನ್ನ ಫೈಲು ಎಲ್ಲಕ್ಕಿಂತ ತೆಳ್ಳಗೆ. ಒಂದು ಮೆಮೋ ಇಲ್ಲ. ಬಾಯಿ ಜಾಗ್ರತೆ ಇದ್ದವರಿಗೆ ಇಂಥದ್ದು ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ.

ನವೆಂಬರ್ 12, ಬುಧವಾರ

ಊಟಕ್ಕೆ ಕುಳಿತಾಗ ನಮ್ಮವರಿಗೆ ಆ ಬೆರಳಿನ ವಿಷಯ ಹೇಳಿದೆ. ಇವರು ಬಹರೈನಿನ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿದ್ದು ಬಂದವರು. ಇಂಗ್ಲಿಷಿನವರ ಬಗ್ಗೆ ಎಂತ ಕೇಳಿದರೂ ವಾಸಣ್ಣನ ಹತ್ತಿರ ಉತ್ತರ ಉಂಟು ಎಂದು ಊರಿನಲ್ಲಿ ಹೆಸರು.

“ಅದು ಸೆಳೆತ ಅಲ್ಲ ರತ್ನ. ಬರೆಯುವಾಗ ಬೇರೆಯವರ ಮಾತಿಗೆ ಹಿಂದೆ ಮುಂದೆ ಎರಡೆರಡು ಗೀಟು ಹಾಕುವುದಿಲ್ವಾ? ಮಾತಾಡುವಾಗ ಗೀಟು ಹಾಕಲು ಜಾಗ ಎಲ್ಲುಂಟು? ಅದಕ್ಕೆ ಗಾಳಿಯಲ್ಲಿ ಹಾಕುವುದು.”

ಇವರ ಮ್ಯಾನೇಜರ್ ಬೆರಳು ಎತ್ತುತ್ತಿರಲಿಲ್ಲವಂತೆ. ಮಾತಿನ ಮುಂದೆ ‘ಕೋಟ್’ ಎನ್ನುವುದು, ಮಾತು ಮುಗಿದ ಮೇಲೆ ‘ಅನ್‌ಕೋಟ್’ ಎನ್ನುವುದು. ಒಂದು ದಿನ ಹೆಡ್ ಆಫೀಸಿನ ಪತ್ರ ಓದಲು ಹೊರಟು ‘ಕೋಟ್’ ಎಂದವನು ಸಿಟ್ಟಿನಲ್ಲಿ ‘ಅನ್‌ಕೋಟ್’ ಹೇಳಲು ಮರೆತುಬಿಟ್ಟ. ಬೈದದ್ದು ಎಲ್ಲಿಯವರೆಗೆ ಹೆಡ್ ಆಫೀಸು, ಎಲ್ಲಿಂದ ಮ್ಯಾನೇಜರ್ ಎಂದು ಸಂಜೆಯವರೆಗೂ ಯಾರಿಗೂ ಗೊತ್ತಾಗಲಿಲ್ಲವಂತೆ.

“ಮತ್ತೆ ಇನ್ನೊಂದುಂಟು. ನಮಗೆ ನಂಬಿಕೆ ಇಲ್ಲದ ಶಬ್ದಕ್ಕೂ ಹಾಕಬಹುದು” ಎಂದು ಹೇಳಿ, ಕೈ ಎತ್ತಿ, “ಇವತ್ತಿನ ಬಂಗುಡೆ ಮೀನಿನ ಗಸಿ ಚಂದ ಉಂಟು” ಎನ್ನುವಾಗ ‘ಗಸಿ’ಗೆ ಬೆರಳು ಬಗ್ಗಿಸಿದರು. ನಾಳೆ ಇವರಿಗೆ ಗಂಜಿ, ಉಪ್ಪಿನಕಾಯಿ.

ನವೆಂಬರ್ 13, ಗುರುವಾರ

ಪೆನ್‌ಡ್ರೈವ್ ಬಂತು. ಕೇಳಿ, ಮಾತು ಇದ್ದ ಹಾಗೆ ಟೈಪ್ ಮಾಡಬೇಕು, ಕೆಳಗೆ ಕನ್ನಡ ಅನುವಾದವೂ ಇರಬೇಕು ಎಂದು ಆದೇಶ.

ಇರುವುದು ಹತ್ತೊಂಬತ್ತು ಸೆಕೆಂಡು. ತುದಿ ಬುಡ ಎರಡೂ ಇಲ್ಲ. ಶುರುವಾಗುವುದೇ ‘ಲೈಕ್’ ಎಂಬ ಶಬ್ದದಿಂದ. ಆಮೇಲೆ, ‘ಮುದ್ದಣ್ಣ ಸರ್ ವಿತ್ ಎ ಮೈಕ್ ಈಸ್ ಎ ಸರ್ವಿಸ್ ಬಸ್, ಮಾರಾಯ್ತಿ. ಸ್ಟಾಪ್ಸ್ ಎವ್ರಿವೇರ್, ರೀಚಸ್ ನೋವೇರ್.’ ಉಳಿದದ್ದು ಮಕ್ಕಳ ನಗು. ಕನ್ನಡದಲ್ಲಿ ಹೇಳುವುದಾದರೆ, ಮೈಕ್ ಹಿಡಿದ ಮುದ್ದಣ್ಣನವರು ಒಂದು ಸರ್ವಿಸ್ ಬಸ್ಸು, ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ, ಊರು ಮಾತ್ರ ಮುಟ್ಟುವುದಿಲ್ಲ.

ಏಳು ಸಲ ಕೇಳಿದೆ. ಮಾತಾಡಿದವಳು ಶರೋನ್, ಆದರೆ ಸ್ವರ ಅವಳದ್ದಲ್ಲ. ಮೂಗಿನಿಂದ ಹೊರಟು, ‘ಮಾರಾಯ್ತಿ’ಯ ‘ರಾ’ವನ್ನು ಹಗ್ಗದ ಹಾಗೆ ಎಳೆದು, ಕೊನೆಗೆ ತುಟಿ ಮುಚ್ಚಿದ ಹಾಗೆ ನಿಲ್ಲುವ ಸ್ವರ.

ಎಂಟನೆಯ ಸಲ ಕೇಳುತ್ತಿರುವಾಗ ಅಟೆಂಡರ್ ಗುಣವತಿ ಚಾ ತಂದಿಟ್ಟಳು.

“ರತ್ನಕ್ಕ, ನಿಮ್ಮ ಸ್ವರ ಕಂಪ್ಯೂಟರಿನಲ್ಲಿ ಹೇಗೆ ಬಂತು?”

“ನನ್ನದಲ್ಲ.”

“ಅಲ್ವಾ? ರಾಜ್ಯೋತ್ಸವದ ದಿನ ನೀವು ಹೇಳಿದ್ದು ಇದೇ ಅಲ್ವಾ? ನಾನು ಲೋಟ ತೊಳೆಯುತ್ತಾ ಇದ್ದೆ.”

ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಬರೆದೇ ಬಿಡುತ್ತೇನೆ. ನವೆಂಬರ್ ಒಂದರಂದು ಸಂಚಾಲಕರು ಧ್ವಜದ ಕೆಳಗೆ ಒಂದು ಗಂಟೆ ಇಪ್ಪತ್ತು ನಿಮಿಷ ಮಾತಾಡಿದರು. ಮೂವರು ಮಕ್ಕಳು ತಲೆ ತಿರುಗಿ ಕುಳಿತರು. ಆಮೇಲೆ ಆಫೀಸಿನಲ್ಲಿ ಚಾ ಕುಡಿಯುವಾಗ ಈ ಮಾತು ನನ್ನ ಬಾಯಿಂದ ಬಂತು. ತುಳುವಿನಲ್ಲಿ ಹೇಳಿದ್ದು. ಶರೋನ್ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕಿದ್ದಳು. ಅವಳು ಅದನ್ನು ಇಂಗ್ಲಿಷಿಗೆ ಸಾಗಿಸಿ ಪಾಠದಲ್ಲಿ ಬಡಿಸುತ್ತಾಳೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಟೈಪ್ ಮಾಡಿದೆ. ಹಿಂದೆ ಮುಂದೆ ಗೀಟು ಹಾಕಲಿಲ್ಲ. ಗೀಟು ಹಾಕಿದರೆ ಯಾರ ಮಾತು ಎಂಬ ಪ್ರಶ್ನೆ ಬರುತ್ತದೆ. ರೆಕಾರ್ಡಿಂಗಿನಲ್ಲಿ ಗೀಟು ಕೇಳಿಸುವುದಿಲ್ಲ, ಬೆರಳೂ ಕೇಳಿಸುವುದಿಲ್ಲ. ನನಗೆ ಕೇಳಿಸಿದ್ದನ್ನು ಮಾತ್ರ ನಾನು ಟೈಪ್ ಮಾಡಿದ್ದು.

ನವೆಂಬರ್ 14, ಶುಕ್ರವಾರ

ಗಂಟಲು ನೋವು ಎಂದು ಹೇಳಿ ಇಡೀ ದಿನ ಹೆಚ್ಚು ಮಾತಾಡಲಿಲ್ಲ. ‘ಮಾರಾಯ್ತಿ’ ಎಂಬ ಶಬ್ದವನ್ನು ಬಿಟ್ಟಿದ್ದೇನೆ. ಅದು ಬಾಯಿತಪ್ಪಿ ಬರಬಾರದೆಂದು ಗುಣವತಿಯನ್ನು “ಗುಣವತಿಯವರೇ” ಎಂದು ಕರೆದೆ. ಅವಳು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ನವೆಂಬರ್ 17, ಸೋಮವಾರ

ಸಮಿತಿಯ ಮೊದಲ ಸಭೆ. ಅಧ್ಯಕ್ಷರು ಕಾರ್ಕಳದ ರೊಸಾರಿಯೊ ಮಾಸ್ಟ್ರು. ನಲವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಈಗ ಎಪ್ಪತ್ತಾರು. ದೂರು ಕೊಟ್ಟವರು ಸಮಿತಿಯಲ್ಲಿ ಕುಳಿತುಕೊಳ್ಳುವ ಕ್ರಮ ಇಲ್ಲ, ಆದರೆ ಸಂಚಾಲಕರು ಕುಳಿತಿದ್ದರು. ಪ್ರಾಂಶುಪಾಲರಿಗೆ ಸರಿಯಾಗಿ ಇವತ್ತೇ ಹಲ್ಲುನೋವು.

ಶರೋನ್ ಮೊದಲೇ ಒಂದು ತಪ್ಪು ಒಪ್ಪಿಕೊಂಡಳು. ಪಾಠದಲ್ಲಿ ಸಂಚಾಲಕರ ಹೆಸರು ತೆಗೆಯಬಾರದಿತ್ತು. ಆದರೆ ಮಾತು ತನ್ನದಲ್ಲ, ಇನ್ನೊಬ್ಬರದ್ದು.

“ನಾನು ಆ ದಿನ ಕಲಿಸಿದ್ದು ಅದನ್ನೇ ಸರ್. ಇಂಗ್ಲಿಷಿನವರು ಇನ್ನೊಬ್ಬರ ಮಾತನ್ನು ಹೇಳುವಾಗ ಅದು ಇನ್ನೊಬ್ಬರದ್ದು ಎಂದು ಹೇಗೆ ತೋರಿಸುತ್ತಾರೆ ಎಂದು. ‘ಸೆಡ್’ ಎನ್ನುತ್ತಾರೆ, ‘ಕೋಟ್’ ಎನ್ನುತ್ತಾರೆ, ‘ಶೀ ವಾಸ್ ಲೈಕ್’ ಎನ್ನುತ್ತಾರೆ, ಬೆರಳು ಬಗ್ಗಿಸುತ್ತಾರೆ, ಸ್ವರ ಬದಲಿಸುತ್ತಾರೆ. ನಾನು ಐದನ್ನೂ ತೋರಿಸಿದೆ. ಆ ತುಂಡಿನಲ್ಲಿ ಉಳಿದದ್ದು ಅರ್ಧ ಲೈಕ್, ಒಂದು ಸ್ವರ.”

“ಲೈಕ್ ಎಂದರೆ ಇಷ್ಟಪಡುವುದು, ಅಥವಾ ಹಾಗೆ ಇರುವುದು” ಎಂದರು ಮಾಸ್ಟ್ರು. “ಮೂರನೆಯ ಅರ್ಥ ನಾನು ಕಲಿಸಿಲ್ಲ.”

“ಅಂದರೆ ಇಷ್ಟಪಟ್ಟು ಹೇಳಿದ್ದು ಅಂತ ಆಯಿತು” ಎಂದರು ಸಂಚಾಲಕರು. “ನಡಾವಳಿಯಲ್ಲಿ ಬರೆಯಿರಿ.”

ಬರೆದೆ.

“ಮಾತು ಯಾರದ್ದು?” ಮಾಸ್ಟ್ರು ಕೇಳಿದರು.

“ಅದನ್ನು ಹೇಳುವುದಿಲ್ಲ ಸರ್.”

ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಯ ಕ್ಯಾಲೆಂಡರನ್ನು ನೋಡಿದಳು. ನಾನೂ ಅದನ್ನೇ ನೋಡಿದೆ. ಅದರಲ್ಲಿ ಇನ್ನೂ ಅಕ್ಟೋಬರ್ ಇತ್ತು.

ಆಗ ಸಂಚಾಲಕರು ನಾನು ಟೈಪ್ ಮಾಡಿದ ಹಾಳೆ ಎತ್ತಿ ಹಿಡಿದರು. “ಇಲ್ಲಿ ಗೀಟು ಎಲ್ಲುಂಟು? ಗೀಟು ಇಲ್ಲ ಎಂದರೆ ಇವಳದ್ದೇ ಮಾತು.”

“ರೆಕಾರ್ಡಿಂಗಿನಲ್ಲಿ ಪೂರ್ಣವಿರಾಮವೂ ಕೇಳಿಸುವುದಿಲ್ಲ ಸರ್” ಎಂದಳು ಶರೋನ್ ಮೆಲ್ಲಗೆ. “ಅದನ್ನು ಹಾಕಿದ್ದಾರೆ.”

ಎಲ್ಲರೂ ನನ್ನನ್ನು ನೋಡಿದರು. ನನಗೆ ಕೆಮ್ಮು ಬಂತು. ಒಳ್ಳೆಯ ಕೆಮ್ಮು, ಗುಣವತಿ ನೀರು ತರುವವರೆಗೂ ನಿಲ್ಲಲಿಲ್ಲ.

ಅಕ್ಷಿತಾಳನ್ನು ಕರೆಸಿದರು. ಪೂರ್ತಿ ರೆಕಾರ್ಡಿಂಗನ್ನು ಹೆದರಿ ಅಳಿಸಿಬಿಟ್ಟಿದ್ದೇನೆ ಎಂದು ಅತ್ತಳು. ಮಿಸ್ ಬೆರಳು ಬಗ್ಗಿಸಿದ್ದು ಹೌದು ಎಂದು ನಲವತ್ತೆರಡು ಮಕ್ಕಳು ಸಹಿ ಹಾಕಿ ಕೊಟ್ಟ ಕಾಗದವನ್ನು ಸಂಚಾಲಕರು ಓದಲೇ ಇಲ್ಲ. ಇಪ್ಪತ್ತಾರಕ್ಕೆ ಮುಂದಿನ ಸಭೆ. ಅಲ್ಲಿಯವರೆಗೆ ಶರೋನ್ ರಜೆಯಲ್ಲಿರಬೇಕು. ಮಾತು ಅವಳದ್ದೇ ಎಂದಾದರೆ ಕೆಲಸ ಮುಂದುವರಿಯುವುದಿಲ್ಲ.

ನವೆಂಬರ್ 19, ಬುಧವಾರ

ಮಕ್ಕಳಿಗೆ ಒಂದು ಹೊಸ ರೋಗ ಹಿಡಿದಿದೆ. ಸಂಚಾಲಕರು ವರಾಂಡದಲ್ಲಿ ಬಂದಾಗ ಇಡೀ ಸಾಲು ಎದ್ದು ನಿಂತು “ಗುಡ್ ಮಾರ್ನಿಂಗ್ ಸರ್” ಎಂದಿತು. ಎಂಬತ್ತನಾಲ್ಕು ಕೈಗಳು ‘ಗುಡ್’ಗೆ ಬೆರಳು ಬಗ್ಗಿಸಿದವು. ಅವರಿಗೆ ಅರ್ಥವಾಗಲಿಲ್ಲ. ತಿರುಗಿ ನಮಸ್ಕಾರ ಮಾಡಿದರು.

ಹೊರಗಿನ ಕ್ಯಾಂಟೀನಿನ ಹಲಗೆಯಲ್ಲಿ ‘ಬಿಸಿ ಇಡ್ಲಿ’ ಎಂಬಲ್ಲಿ ಯಾರೋ ಬಿಸಿಯ ಎರಡೂ ಕಡೆ ಚಾಕ್‌ಪೀಸಿನಿಂದ ಗೀಟು ಹಾಕಿದ್ದಾರೆ. ಕ್ಯಾಂಟೀನಿನವರು ಅಲಂಕಾರ ಎಂದುಕೊಂಡು ಹಾಗೆಯೇ ಇಟ್ಟಿದ್ದಾರೆ.

ಸಂಜೆ ಪೇಟೆಯಲ್ಲಿ ಬೂತಾಯಿ ಮೀನು ತೆಗೆದುಕೊಂಡೆ. ಮೀನಿನವಳು “ಈಗ ದೋಣಿಯಿಂದ ಇಳಿದದ್ದು ಅಕ್ಕ, ಫ್ರೆಶ್” ಎಂದಳು. “ಹೌದಾ, ಫ್ರೆಶ್ ಅಂತೆ” ಎಂದೆ. ಅಷ್ಟರಲ್ಲಿ ಎರಡೂ ಕೈಯ ಚೀಲ ಕೆಳಗೆ ಬಿತ್ತು. ಹೇಗೆ ಬಿತ್ತೋ ತಿಳಿಯಲಿಲ್ಲ. ವಯಸ್ಸಾಯಿತು, ಹಿಡಿತ ಕಡಿಮೆ ಆಗಿರಬೇಕು. ಮೀನಿನವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ನವೆಂಬರ್ 22, ಶನಿವಾರ

ನಡಾವಳಿಗೆ ಸಹಿ ಬೇಕೆಂದು ಕಾರ್ಕಳಕ್ಕೆ ರೊಸಾರಿಯೊ ಮಾಸ್ಟ್ರ ಮನೆಗೆ ಹೋದೆ. ಜಗಲಿಯಲ್ಲಿ ಪೆನ್ಸಿಲು ಹಿಡಿದು ಕುಳಿತಿದ್ದರು. ಮುಂದೆ ಒಂದು ಕಾಗದ, ಅದರ ಮೇಲೆ ಐದೈದರ ಕಟ್ಟು ಕಟ್ಟಿದ ಗೀರುಗಳು.

ಒಳಗಿನಿಂದ ಅವರ ಹೆಂಡತಿ ಮೇಬಲ್ ಬಾಯಿ ಬಂದರು. “ನೋಡಿ ರತ್ನಾವತಿಯವರೇ, ಮೊಮ್ಮಗಳು ಮಣಿಪಾಲದ ಹಾಸ್ಟೆಲಿನಿಂದ ಗೆಳತಿಯ ಜಗಳದ ಕತೆ ಹೇಳಲು ಫೋನ್ ಮಾಡಿದರೆ ಇವರು ಕತೆ ಕೇಳಲಿಲ್ಲ, ಲೈಕ್ ಎಣಿಸಿದರು.”

“ನಲವತ್ತೊಂದು” ಎಂದರು ಮಾಸ್ಟ್ರು. “ಒಂಬತ್ತು ನಿಮಿಷದಲ್ಲಿ. ಅದರಲ್ಲಿ ಇಷ್ಟ ಎನ್ನುವ ಅರ್ಥದಲ್ಲಿ ಒಂದು, ಹಾಗೆ ಎನ್ನುವ ಅರ್ಥದಲ್ಲಿ ಎರಡು, ಸುಮ್ಮನೆ ಬಾಯಿಗೆ ಬಂದದ್ದು ಹನ್ನೊಂದು. ಉಳಿದ ಇಪ್ಪತ್ತೇಳೂ ಇನ್ನೊಬ್ಬರ ಮಾತಿನ ಮುಂದೆ. ‘ಶೀ ವಾಸ್ ಲೈಕ್’ ಅಂತ ಹೇಳಿ ಆ ಗೆಳತಿಯ ಹಾಗೆಯೇ ಕಿರುಚುತ್ತಾಳೆ. ‘ಐ ವಾಸ್ ಲೈಕ್’ ಅಂತ ಹೇಳಿ ತನ್ನ ಮಾತು ಹೇಳುತ್ತಾಳೆ. ಒಂದು ಸಲ ಕೂಡ ‘ಸೆಡ್’ ಅಂತ ಇಲ್ಲ.”

“ಅದಕ್ಕೆ ಇವರಿಗೆ ಮಧ್ಯಾಹ್ನ ಊಟ ಸೇರಲಿಲ್ಲ” ಎಂದರು ಮೇಬಲ್ ಬಾಯಿ.

ಮಾಸ್ಟ್ರು ಪೆನ್ಸಿಲಿನ ತುದಿಯಿಂದ ಗೀರುಗಳನ್ನು ತಟ್ಟಿದರು. “ನಾವು ಮಾತಿನ ಬಾಲಕ್ಕೆ ‘ಅಂತ’ ಕಟ್ಟುತ್ತೇವೆ ಅಲ್ವಾ? ಇವರು ಮೂಗಿಗೆ ‘ಲೈಕ್’ ಕಟ್ಟುತ್ತಾರೆ. ಅಷ್ಟೇ ವ್ಯತ್ಯಾಸ. ನಲವತ್ತು ವರ್ಷ ಡೈರೆಕ್ಟ್ ಸ್ಪೀಚ್ ಕಲಿಸಿದೆ. ಮನೆಯ ಮಗು ಮಾತಾಡುವುದನ್ನು ಕೇಳಿರಲಿಲ್ಲ.” ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಆ ಹುಡುಗಿ ಸುಳ್ಳು ಹೇಳುತ್ತಾ ಇಲ್ಲ. ಆದರೆ ಮಾತಿನ ಯಜಮಾನರು ಯಾರು ಎಂದು ತಿಳಿಯದೆ ನಾನು ಎಂತ ಬರೆಯಲಿ? ನಿಮಗೆ ಏನಾದರೂ ಅಂದಾಜು ಉಂಟಾ?”

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ ಸ್ಟಾಂಡಿನಲ್ಲಿ ಐವತ್ತು ನಿಮಿಷ ಕಾದೆ.

ನವೆಂಬರ್ 23, ಭಾನುವಾರ

ಕನ್ನಡಕದ ಗಾಜು ಬದಲಿಸಲು ಉಡುಪಿಗೆ ಹೋದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂದು ಬಸ್ಸಿನಲ್ಲಿ ನೆನಪಾಯಿತು. ಉಡುಪಿಯವರೆಗೆ ಹೋಗಿ ಆಗಿತ್ತಲ್ಲ, ಮಣಿಪಾಲ ಹತ್ತಿರವೇ, ಹಾಗೆ ಶರೋನ್ ಇರುವ ಕೋಣೆಗೆ ಹೋದೆ. ವಿಳಾಸ ಅವಳ ಫೈಲಿನಲ್ಲಿ ಉಂಟು.

ಕೋಣೆಯ ಮೂಲೆಯಲ್ಲಿ ಅರ್ಧ ಪುಸ್ತಕ ಪೆಟ್ಟಿಗೆಗೆ ಹೋಗಿತ್ತು. ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು ಅವಳು ಹಾಸಿಗೆಯ ಮೇಲೆ ಕುಳಿತಳು.

“ನೀವು ಬರುತ್ತೀರಿ ಎಂದು ಅಂದುಕೊಂಡಿರಲಿಲ್ಲ ರತ್ನಕ್ಕ.”

“ನಾನೂ ಅಂದುಕೊಂಡಿರಲಿಲ್ಲ. ನನ್ನ ಹೆಸರು ಯಾಕೆ ಹೇಳಲಿಲ್ಲ?”

“ನಿಮ್ಮನ್ನು ಕೇಳದೆ ಮಾತು ತೆಗೆದುಕೊಂಡು ಹೋದೆ. ಈಗ ಕೇಳದೆ ಹೆಸರೂ ತೆಗೆದುಕೊಂಡು ಹೋಗುವುದಾ?”

“ಕೆಲಸ ಹೋಗುತ್ತದೆ ನಿನಗೆ.”

“ಹೋಗಬಹುದು. ಬೇರೆ ಎರಡು ಕಡೆ ಅರ್ಜಿ ಹಾಕಿದ್ದೇನೆ. ಯಾಕೆ ಬಿಟ್ಟದ್ದು ಎಂದು ಅವರೂ ಕೇಳುತ್ತಾರೆ, ಅದೊಂದೇ ಕಷ್ಟ.” ಪೆಟ್ಟಿಗೆಯಿಂದ ವ್ಯಾಕರಣದ ಪುಸ್ತಕ ಒಂದನ್ನು ತೆಗೆದು, “ನಿಜ ಹೇಳಬೇಕಾದರೆ ನಿಮ್ಮ ಮಾತು ಅಷ್ಟು ಚಂದ ಇತ್ತು. ಪುಸ್ತಕದ ಉದಾಹರಣೆ ಎಲ್ಲ ಸಪ್ಪೆ. ಜಾನ್ ಸೆಡ್ ದಟ್ ಹಿ ವಾಸ್ ಹಂಗ್ರಿ. ಮಕ್ಕಳು ಜಾನ್‌ಗೆ ಊಟ ಕೊಟ್ಟು ಮಲಗುತ್ತಾರೆ” ಎಂದಳು.

ನನ್ನ ಸ್ವರ ಮಾಡಿ ತೋರಿಸು ಎಂದೆ. ಮೊದಲು ಒಲ್ಲೆ ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, ನಾನು ಶುಲ್ಕದ ಕೌಂಟರಿನಲ್ಲಿ ಮಕ್ಕಳ ತಂದೆಯರಿಗೆ ಹೇಳುವುದನ್ನೆಲ್ಲ ಹೇಳಿದಳು. “ನಾನು ಹೇಳುವುದಲ್ಲ ಮಾರಾಯ್ರೆ, ನಿಯಮ ಹೇಳುವುದು.” ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

“ನಾನು ಹೀಗಾ ಮಾತಾಡುವುದು?”

“ಹೀಗೇ.”

ಬರುವಾಗ ಪೆಟ್ಟಿಗೆಯ ಪುಸ್ತಕಗಳನ್ನು ಸದ್ಯ ಹೊರಗಿಡು ಎಂದು ಹೇಳಿದೆ. ಮುಚ್ಚಿಟ್ಟರೆ ಗೆದ್ದಲು ಹಿಡಿಯುತ್ತದೆ.

ನವೆಂಬರ್ 25, ಮಂಗಳವಾರ

ಹಾಳೆಯನ್ನು ಇನ್ನೊಮ್ಮೆ ಟೈಪ್ ಮಾಡಿದೆ. ಐದು ಪ್ರತಿ. ಇವರಿಗೆ ಏನೂ ಹೇಳಲಿಲ್ಲ. ಎರಡು ಸಲ ಸಾರಿಗೆ ಉಪ್ಪು ಹಾಕಿದೆ, ಇವರು ಬೆರಳು ಎತ್ತದೆ ಉಂಡರು.

ನವೆಂಬರ್ 26, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಮಾಸ್ಟ್ರು ಮೊದಲಿಗೆ ಲೈಕ್ ಶಬ್ದಕ್ಕೆ ಮೂರನೆಯ ಅರ್ಥ ಉಂಟು ಎಂದು ಹೇಳಿ, ಆ ಗೀರುಗಳ ಕಾಗದವನ್ನು ದಾಖಲೆಗೆ ಕೊಟ್ಟರು. ಸಂಚಾಲಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಯಾರದ್ದೋ ಮಾತು ಅಂತ ಇಟ್ಟುಕೊಳ್ಳುವ. ಯಾರದ್ದು? ಗಾಳಿಯದ್ದಾ?”

ಶರೋನ್ ಮತ್ತೆ ಕ್ಯಾಲೆಂಡರನ್ನು ನೋಡಿದಳು.

“ಸರಿ, ಹೇಳಿಕೆಯನ್ನು ಒಮ್ಮೆ ಓದಿ ಬಿಡಿ, ಮುಗಿಸುವ” ಎಂದರು ಮಾಸ್ಟ್ರು ನನಗೆ.

ಎದ್ದು ನಿಂತೆ. ಮೊದಲನೆಯ ಪದ ಸರಿಯಾಗಿ ಹೊರಗೆ ಬರಲಿಲ್ಲ. ಎರಡನೆಯದರಿಂದ ಬಂತು. ‘ಸರ್ವಿಸ್ ಬಸ್, ಮಾರಾಯ್ತಿ’ ಎಂಬಲ್ಲಿಗೆ ಬರುವಾಗ ‘ರಾ’ವನ್ನು ಗಿಡ್ಡ ಮಾಡಬೇಕೆಂದು ಹೊರಟರೂ ಅದು ಎಷ್ಟು ಉದ್ದ ಆಗಬೇಕೋ ಅಷ್ಟೇ ಉದ್ದ ಆಯಿತು. ಮಾಸ್ಟ್ರು ಕನ್ನಡಕ ತೆಗೆದರು. ಸಂಚಾಲಕರು ಮೊದಲು ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೋಡಿದರು. ಅದು ಆಫ್ ಆಗಿತ್ತು. ಆಮೇಲೆ ನನ್ನನ್ನು ನೋಡಿದರು.

“ಹಿಂದೆ ಮುಂದೆ ಗೀಟು ಹಾಕಿದೆ” ಎಂದು ಹೇಳಿದೆ. “ಮೊದಲಿನ ಹಾಳೆಯಲ್ಲಿ ಬಿಟ್ಟಿದ್ದೆ, ಅದು ತಪ್ಪು. ಕೆಳಗೆ ಒಂದು ಸಾಲು ಇದೆ, ಅದನ್ನೂ ಓದುತ್ತೇನೆ. ಈ ಮಾತನ್ನು ಹೇಳಿದವರು, ರತ್ನಾವತಿ, ಆಫೀಸ್ ಸೂಪರಿಂಟೆಂಡೆಂಟ್.”

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಗುಣವತಿ, “ನಾನು ಆವತ್ತೇ ಹೇಳಿದೆ” ಎಂದಳು. ಸಂಚಾಲಕರು ಚಾ ಕುಡಿಯದೆ ಎದ್ದು ಹೋದರು.

ಮನೆಗೆ ಬಂದು ಮೂರು ಗಂಟೆ ಮಲಗಿದೆ. ಹಸಿವಾಯಿತು.

ನವೆಂಬರ್ 28, ಶುಕ್ರವಾರ

ನನಗೆ ಕಾರಣ ಕೇಳಿ ನೋಟೀಸು. ಟೈಪ್ ಮಾಡಲು ಬೇರೆ ಯಾರೂ ಇಲ್ಲದ ಕಾರಣ ಕರಡು ನನ್ನ ಮೇಜಿಗೇ ಬಂತು. ಟೈಪ್ ಮಾಡಿ, ಸಹಿಗೆ ಕಳಿಸಿ, ಸಹಿ ಬಂದ ಮೇಲೆ ನನಗೇ ತಲುಪಿಸಿ, ತಲುಪಿತು ಎಂದು ರುಜು ಹಾಕಿದೆ. ಕರಡಿನಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿದೆ.

ನೋಟೀಸಿನಲ್ಲಿ ಹೀಗೆ ಇದೆ. ‘ಸಂಚಾಲಕರ ಭಾಷಣವು ತುಸು ದೀರ್ಘವಾಗಿದೆಯೆಂದು ತಾವು ಟೀಕಿಸಿದ್ದೀರಿ.’

ಓದಿ ಸಿಟ್ಟು ಬಂತು. ಊಟದ ಹೊತ್ತಿನಲ್ಲಿ ಉತ್ತರ ಬರೆದೆ. ‘ನೋಟೀಸಿನಲ್ಲಿ ನನ್ನ ಮಾತನ್ನು ತಪ್ಪಾಗಿ ಉದ್ಧರಿಸಲಾಗಿದೆ. ತುಸು ಎಂಬ ಪದವನ್ನು ನಾನು ಬಳಸಿಲ್ಲ. ನಾನು ಹೇಳಿದ್ದು ಕೆಳಗಿನಂತಿದೆ.’ ಅದರ ಕೆಳಗೆ ಮಾತನ್ನು ತುಳುವಿನಲ್ಲಿ, ಹೇಳಿದ ಹಾಗೆಯೇ ಬರೆದೆ. ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ಬರುವಾಗ ಅದರ ಖಾರ ಅರ್ಧ ಹೋಗಿತ್ತು. ಒಂದು ಪ್ರತಿಯನ್ನು ಮನೆಗೆ ತಂದು ಇವರಿಗೆ ತೋರಿಸಿದೆ.

ಇವರು ಎರಡು ಸಲ ಓದಿದರು. “ಇದನ್ನು ಕಳಿಸುತ್ತೀಯಾ?”

“ಕಳಿಸಿ ಆಯಿತು.”

ಇವರು ನನ್ನನ್ನು ನೋಡಿದ ರೀತಿ, ಬಹರೈನಿನಿಂದ ಮೊದಲ ಸಲ ರಜೆಗೆ ಬಂದಾಗ ನೋಡಿದ ಹಾಗಿತ್ತು. ಎಂತ ಎಂದು ಕೇಳಿದರೆ ಏನಿಲ್ಲ ಎಂದರು.

ಡಿಸೆಂಬರ್ 1, ಸೋಮವಾರ

ಸಂಚಾಲಕರು ತಮ್ಮ ಕೋಣೆಗೆ ಕರೆದರು. ಒಬ್ಬರೇ ಇದ್ದರು. ಮುಂದೆ ನನ್ನ ಉತ್ತರ. ಕುಳಿತುಕೊಳ್ಳಿ ಎಂದರು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕುಳಿತದ್ದು ಇದೇ ಮೊದಲು.

“ಭಾಷಣ ಉದ್ದ ಎಂದು ನನ್ನ ಹೆಂಡತಿ ಹೇಳಿದ್ದಾರೆ, ಮಗಳು ಹೇಳಿದ್ದಾಳೆ. ಅದು ಇರಲಿ. ನೀವು ಸರ್ವಿಸ್ ಬಸ್ ಎಂದಿರಲ್ಲ.”

“ಹೌದು ಸರ್.”

“ನಾನು ಇಪ್ಪತ್ತಾರು ವರ್ಷ ಕಾಪುವಿನಿಂದ ಕಾರ್ಕಳಕ್ಕೆ ಸರ್ವಿಸ್ ಬಸ್ ಓಡಿಸಿದವ. ಒಂದೇ ಬಸ್ಸು. ಡ್ರೈವರ್ ಬರದ ದಿನ ನಾನೇ ಸ್ಟಿಯರಿಂಗ್ ಹಿಡಿದವ. ಬೆಳ್ಮಣ್ಣಿನಲ್ಲಿ ಆ್ಯಕ್ಸಲ್ ಮುರಿದ ದಿನ ಲಾರಿ ತರಿಸಿ ಜನರನ್ನು ಕಾರ್ಕಳಕ್ಕೆ ಮುಟ್ಟಿಸಿದವ. ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿದೆ, ಹೌದು. ಮುದುಕಿಯರು ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲಿಸಿದೆ. ನನ್ನ ಬಸ್ಸು ಒಂದು ದಿನವಾದರೂ ಊರು ಮುಟ್ಟಲಿಲ್ಲ ಎಂದು ಉಂಟಾ? ನೀವೇ ಹೇಳಿ.”

ಮೇಜಿನ ಮೇಲಿದ್ದ ಅವರ ಕೈಗಳನ್ನು ನೋಡಿದೆ. ದಪ್ಪ ಬೆರಳು, ಗಂಟು ಗಂಟು.

ನನಗೆ ಆ ಬಸ್ಸು ಮರೆತೇ ಹೋಗಿತ್ತು. ಹಳದಿ ಬಣ್ಣ, ನೀಲಿ ಪಟ್ಟಿ. ಕಾರ್ಕಳಕ್ಕೆ ಟೈಪಿಂಗ್ ಕಲಿಯಲು ಎರಡು ವರ್ಷ ನಾನು ಹೋದದ್ದು ಅದರಲ್ಲೇ. ಪರೀಕ್ಷೆಯ ದಿನ ನಾನು ಗದ್ದೆಯ ಅಂಚಿನಲ್ಲಿ ಓಡಿ ಬರುವುದನ್ನು ಕಂಡು ಹಾರ್ನ್ ಮಾಡುತ್ತಾ ಕಾದು ನಿಂತಿತ್ತು.

ಅದನ್ನು ಹೇಳಿದೆ. “ಒಂದು ದಿನ ಕೂಡ ಮುಟ್ಟದೆ ಇರಲಿಲ್ಲ ಸರ್. ಬಸ್ಸಿನ ಬಗ್ಗೆ ನಾನು ಹೇಳಿದ್ದು ತಪ್ಪಾಯಿತು. ಅದಕ್ಕೆ ಕ್ಷಮೆ ಕೇಳುತ್ತೇನೆ.”

“ಮತ್ತೆ ಭಾಷಣ?”

“ಭಾಷಣ ಉದ್ದವೇ ಸರ್. ಆವತ್ತು ಮೂವರು ಮಕ್ಕಳು ತಲೆ ತಿರುಗಿ ಕುಳಿತರು.”

“ಜನ ಹೇಳುತ್ತಾರಾ?”

“ಜನರದ್ದು ನನಗೆ ಗೊತ್ತಿಲ್ಲ. ನನಗೆ ಕಂಡದ್ದು.”

ಕಿಟಕಿಯ ಕಡೆ ತಿರುಗಿದರು. ಆಮೇಲೆ, “ಆ ಹುಡುಗಿಗೆ ನಾಳೆಯಿಂದ ಬರಲು ಹೇಳಿ. ಕೆಲಸ ಖಾಯಂ ಮಾಡುವ ಕಾಗದ ಟೈಪ್ ಮಾಡಿ ತನ್ನಿ. ಕ್ಲಾಸಿನಲ್ಲಿ ನನ್ನ ಹೆಸರು ಬೇಡ, ಜಾನ್‌ನ ಹೆಸರು ಹಾಕಲಿ” ಎಂದರು. ನನ್ನ ಉತ್ತರವನ್ನು ಮಡಚಿ ಫೈಲಿಗೆ ಹಾಕಲಿಲ್ಲ, ಜೇಬಿಗೆ ಹಾಕಿಕೊಂಡರು. ಬಾಗಿಲವರೆಗೆ ಬಂದ ಮೇಲೆ ಹಿಂದಿನಿಂದ ಕೇಳಿದರು. “ತುಳುವಿನಲ್ಲಿ ಹೇಳಿದ್ದು ಒಳ್ಳೆಯದುಂಟು. ಅದು ನಿಮ್ಮದೇ, ಅಲ್ಲ ಯಾರದ್ದಾದರೂ ಕೇಳಿದ್ದಾ?”

“ನನ್ನದೇ ಸರ್.”

ಡಿಸೆಂಬರ್ 5, ಶುಕ್ರವಾರ

ಶರೋನ್ ಬಂದು ನಾಲ್ಕು ದಿನ ಆಯಿತು. ಮಧ್ಯಾಹ್ನ ಆಫೀಸಿಗೆ ಬಂದು ನನ್ನ ಜೊತೆ ಊಟ ಮಾಡುತ್ತಾಳೆ. ನಾನು ಮಾತಾಡುವಾಗಲೆಲ್ಲ ಚೀಲದಿಂದ ಸಣ್ಣ ಪುಸ್ತಕ ತೆಗೆಯುತ್ತಾಳೆ. ಮೊದಲು ಕೇಳು, ಆಮೇಲೆ ಬರೆ ಎಂದಿದ್ದೇನೆ. ಕೇಳುತ್ತಾಳೆ.

ಇಪ್ಪತ್ತಕ್ಕೆ ಕಾಲೇಜಿನ ವಾರ್ಷಿಕೋತ್ಸವ. ಸಂಚಾಲಕರ ಭಾಷಣ ಟೈಪ್ ಮಾಡಲು ಬಂತು. ಹದಿನಾಲ್ಕು ಪುಟ. ಬೆಳಿಗ್ಗೆಯಿಂದ ಟೈಪ್ ಮಾಡಿದೆ. ನಾಲ್ಕನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ‘ಇಲ್ಲಿ ಇಳಿಯಬಹುದು’ ಎಂದು ಬರೆದು, ಗುಣವತಿಯ ಕೈಯಲ್ಲಿ ಕಳಿಸಿದೆ.

ಮೂರು ಗಂಟೆಗೆ ಹಾಳೆಗಳು ಹಿಂದೆ ಬಂದವು. ಆರನೆಯ ಪುಟದಿಂದ ಮುಂದಿನದ್ದೆಲ್ಲ ಇರಲಿಲ್ಲ. ನನ್ನ ಪೆನ್ಸಿಲಿನ ಸಾಲಿನ ಕೆಳಗೆ ಶಾಯಿಯಲ್ಲಿ, ಅವರ ಓರೆ ಅಕ್ಷರದಲ್ಲಿ, ‘ಇನ್ನೊಂದೇ ಸ್ಟಾಪು’ ಎಂದಿತ್ತು.